ಸಿಗ್ನಲ್ ಕಾಯುವವನ ಸಂಕಟ: ಕಿರಿಯ ಬರಹಗಾರರೊಬ್ಬರಿಗೆ ಪತ್ರ

ಪ್ರಿಯ ಕಿರಿಯ ಮಿತ್ರರಿಗೆ,

ನಮಸ್ಕಾರ. ಹಳೆಯ ದೆವ್ವದ ಕಥೆಯೊಂದನ್ನು ಕಿರುತೆರೆಗೆಂದು ಅಳವಡಿಸಿ ನೀವು ಕಳಿಸಿದ ಚಿತ್ರಕಥೆಯನ್ನು ಎರಡು ಸಲ ಓದಿದೆ. ಮೊದಲ ಪುಟದಲ್ಲೇ ದೆವ್ವ ಬಂದುಬಿಟ್ಟಿದೆ. ಅದು ಬಂದ ಮೇಲೆ ಉಳಿದ ಪುಟಗಳಿಗೆ ಕೆಲಸವೇ ಇಲ್ಲದಂತಾಗಿದೆ. ನೇರವಾಗಿ ಹೇಳಿದೆನೆಂದು ಬೇಸರಿಸಬೇಡಿ.

ತಿದ್ದಲು ಕೂರುವ ಮುನ್ನ, ಬಿಬಿಸಿ 1976ರ ಡಿಸೆಂಬರ್ 22ರಂದು ಪ್ರಸಾರ ಮಾಡಿದ ‘ದಿ ಸಿಗ್ನಲ್‌ಮನ್’ ಚಿತ್ರವನ್ನು ನೋಡಿ. ಕ್ರಿಸ್‌ಮಸ್ ಹೊತ್ತಿಗೆ ದೆವ್ವದ ಕಥೆ ಹೇಳುವ ಇಂಗ್ಲೆಂಡಿನ ವಾಡಿಕೆಯನ್ನು 1971ರಿಂದ 1978ರವರೆಗೆ ವರ್ಷಕ್ಕೊಂದು ಚಿತ್ರದಂತೆ ಕಿರುತೆರೆಗೆ ತಂದ ಮಾಲಿಕೆಯದು. ಮೊದಲ ಐದೂ ಚಿತ್ರಗಳಿಗೆ ದೆವ್ವದ ಕಥೆಗಳಿಗೆ ಹೆಸರಾದ ಇಂಗ್ಲಿಷ್ ಲೇಖಕ ಎಂ. ಆರ್. ಜೇಮ್ಸ್ ಅವರ ಕಥೆಗಳನ್ನು ಆರಿಸಿಕೊಂಡಿದ್ದ ನಿರ್ದೇಶಕ ಲಾರೆನ್ಸ್ ಗಾರ್ಡನ್ ಕ್ಲಾರ್ಕ್, ಆರನೆಯದಕ್ಕೆ ಚಾರ್ಲ್ಸ್ ಡಿಕನ್ಸ್ ಕಡೆ ತಿರುಗಿದರು. ಚಿತ್ರಕಥೆ ಆಂಡ್ರೂ ಡೇವಿಸ್ ಅವರದು.

ಡಿಕನ್ಸ್ ಈ ಕಥೆಯನ್ನು ತಮ್ಮ ಪತ್ರಿಕೆಯ 1866ರ ಕ್ರಿಸ್‌ಮಸ್ ಸಂಚಿಕೆಗೆ ಬರೆದರು. ಹಿಂದಿನ ವರ್ಷದ ಜೂನ್ 9ರಂದು ಇಂಗ್ಲೆಂಡಿನ ಸ್ಟೇಪಲ್‌ಹರ್ಸ್ಟ್ ಬಳಿ ಅವರು ಕುಳಿತಿದ್ದ ರೈಲು ದುರಸ್ತಿಯಲ್ಲಿದ್ದ ಸೇತುವೆಯ ಮೇಲೆ ಹಳಿ ತಪ್ಪಿ ಹತ್ತು ಮಂದಿ ಸತ್ತಿದ್ದರು. ಗಾಯಾಳುಗಳ ನಡುವೆ ಓಡಾಡಿ ಅವರು ಆರೈಕೆ ಮಾಡಿದ್ದರು. ಇಷ್ಟನ್ನು ಕಣ್ಣಾರೆ ಕಂಡವರು ಕಥೆಯೊಳಗಿನ ಸುರಂಗದ ಅಪಘಾತವನ್ನು ಒಂದೆರಡು ಸಾಲಿನಲ್ಲಿ ದಾಟಿಸಿಬಿಟ್ಟಿದ್ದಾರೆ. ನಾನಾಗಿದ್ದರೆ ಆ ಸಂಯಮ ನನ್ನಿಂದ ಸಾಧ್ಯವಾಗುತ್ತಿರಲಿಲ್ಲ.

ಅವರು ತಮ್ಮ ಗಮನವನ್ನೆಲ್ಲ ಬೇರೊಂದು ಕಡೆಗೆ ಕೊಟ್ಟರು. ಸಿಗ್ನಲ್ ಕಾಯುವವನ ಉದ್ಯೋಗವೇ ಎಚ್ಚರಿಕೆಯನ್ನು ಮುಂದಕ್ಕೆ ದಾಟಿಸುವುದು. ಸುರಂಗದ ಬಾಯಲ್ಲಿ ನಿಂತು ಒಂದು ಕೈಯಿಂದ ಮುಖ ಮುಚ್ಚಿ ಇನ್ನೊಂದನ್ನು ಬೀಸುವ ಆಕೃತಿಯೂ ಎಚ್ಚರಿಕೆಯನ್ನೇ ಕೊಡುತ್ತದೆ, ಆದರೆ ಯಾವ ಅಪಾಯ, ಎಲ್ಲಿ ಎಂಬುದನ್ನು ತಿಳಿಸುವುದಿಲ್ಲ. ‘ಅಪಾಯವಿದೆ’ ಎಂದು ತಂತಿ ಕೊಟ್ಟರೆ ಆಚೆಯವರು ‘ಎಂಥ ಅಪಾಯ?’ ಎಂದು ಕೇಳುತ್ತಾರೆ. ‘ಗೊತ್ತಿಲ್ಲ’ ಎಂದು ಉತ್ತರಿಸಿದವನನ್ನು ಕೆಲಸದಿಂದ ತೆಗೆಯುತ್ತಾರೆ. ದೆವ್ವಕ್ಕಿಂತ ಹೆಚ್ಚಾಗಿ ಈ ಇಕ್ಕಟ್ಟು ಅವನನ್ನು ಸುಡುತ್ತದೆ. ಡೆನ್‌ಹೋಮ್ ಎಲಿಯಟ್ ಆ ಪಾತ್ರದಲ್ಲಿ ತಗ್ಗಿದ ದನಿಯಲ್ಲಿ ಮಾತಾಡುವುದನ್ನು ಕೇಳಿದರೆ, ಅವರು ಭಯಗ್ರಸ್ತನಿಗಿಂತ ಕರ್ತವ್ಯನಿಷ್ಠನೊಬ್ಬನನ್ನು ಅಭಿನಯಿಸುತ್ತಿದ್ದಾರೆಂಬುದು ತಿಳಿಯುತ್ತದೆ.

ಅಳವಡಿಸುವವರ ನಿಜವಾದ ಕಷ್ಟ ಕಡೆಯಲ್ಲಿದೆ. ಕೊನೆಗೆ ಸಿಗ್ನಲ್‌ಮನ್ ರೈಲಿಗೆ ಸಿಕ್ಕಿ ಸಾಯುತ್ತಾನೆ; ಅವನನ್ನು ಎಚ್ಚರಿಸಲು ಎಂಜಿನ್ ಚಾಲಕನು ಕೂಗಿದ ಮಾತುಗಳಲ್ಲಿ ಕೆಲವು, ಆ ಆಕೃತಿಯ ಕೈಸನ್ನೆಗೆ ನಿರೂಪಕನು, ಅಂದರೆ ಸಿಗ್ನಲ್‌ಮನ್‌ನ ಕಥೆ ಕೇಳಿದ ಪ್ರಯಾಣಿಕನು, ತನ್ನ ಮನಸ್ಸಿನಲ್ಲಷ್ಟೇ ಜೋಡಿಸಿಕೊಂಡಿದ್ದ ಮಾತುಗಳೇ ಆಗಿದ್ದವು ಎಂದು ಕಥೆ ಮುಗಿಯುತ್ತದೆ. ಮನಸ್ಸಿನೊಳಗಿನ ಮಾತನ್ನು ಕ್ಯಾಮೆರಾ ಹಿಡಿಯುವುದಾದರೂ ಹೇಗೆ? ಡೇವಿಸ್ ಮೂಲದಲ್ಲಿ ಇಲ್ಲದ ದುಃಸ್ವಪ್ನಗಳನ್ನು ಸೇರಿಸಿ, ಪ್ರಯಾಣಿಕನು ಛತ್ರದ ಕೋಣೆಯಲ್ಲಿ ನಿದ್ದೆಗೆಟ್ಟು ಹೊರಳುವಂತೆ ಮಾಡಿದರು. ಸಿಗ್ನಲ್‌ಮನ್‌ನ ಸಂಕಟ ಕೇಳಿದವನಿಗೂ ಅಂಟಿತೆಂದು ನಾವು ಹೀಗೆ ಕಣ್ಣಿನಿಂದಲೇ ಅರಿಯುತ್ತೇವೆ. ಮೂಲಕ್ಕೆ ನಿಷ್ಠರಾಗಿರಲೆಂದೇ ಮಾಡಿದ ಇಂಥ ಸೇರ್ಪಡೆಗೆ ಹಿಂಜರಿಯಬೇಡಿ. ನೀವು ಸೇರಿಸಿರುವ ಬಾಗಿಲ ಕಿರುಗುಟ್ಟುವಿಕೆ ಮಾತ್ರ ಆ ಜಾತಿಯದಲ್ಲ.

ನಿಮ್ಮ ಕಥಾನಾಯಕ ಹೊಟ್ಟೆಪಾಡಿಗೆ ಏನು ಮಾಡುತ್ತಾನೆಂಬುದು ಎರಡು ಓದಿನ ನಂತರವೂ ನನಗೆ ತಿಳಿದಿಲ್ಲ. ಅದನ್ನು ನಿರ್ಧರಿಸಿದ ಮೇಲೆ ಮೊದಲ ಪುಟವನ್ನು ಬೇರೆಯಾಗಿ ಬರೆದು ಅಷ್ಟನ್ನೇ ಕಳಿಸಿ. ಉಳಿದದ್ದಕ್ಕೆ ಆಮೇಲೆ ಕೂರೋಣ.

ಇಂತಿ,
ನಿಮ್ಮ ಹಿತೈಷಿ