ಬಾರಕೂರಿನ ಧ್ವನಿನಾಟಕ: ಎಂಟು, ಒಂಬತ್ತನೇ ತರಗತಿಯ ಪೋಷಕರಿಗೆ

ಪ್ರಿಯ ಪೋಷಕರೇ, ನಮಸ್ಕಾರ.

ಈ ಸಲದ ವಾರ್ಷಿಕೋತ್ಸವಕ್ಕೆ ವೇದಿಕೆಯ ನಾಟಕ ಬೇಡ, ಧ್ವನಿನಾಟಕ ಮಾಡುತ್ತೇವೆ ಎಂದು ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳು ಹಟ ಹಿಡಿದಿದ್ದಾರೆ. ಬಣ್ಣ ಬೇಡ, ಬಾಡಿಗೆ ವೇಷಭೂಷಣ ಬೇಡ. ಹಾಗಾಗಿ ನಾನೂ ಬೇಗನೆ ಒಪ್ಪಿದೆ. ಆದರೆ ಕಥೆ ಬಾರಕೂರಿನ ಐತಿಹ್ಯದ ಅರಸ ಭೂತಾಳ ಪಾಂಡ್ಯನದ್ದು, ಅದನ್ನು ಮಕ್ಕಳು ವೈಜ್ಞಾನಿಕ ಕಥೆ ಮಾಡುತ್ತಿದ್ದಾರೆ ಎಂದು ತಿಳಿದ ಮೇಲೆ ನಿಮ್ಮಲ್ಲಿ ಕೆಲವರು ಫೋನ್ ಮಾಡಿದ್ದೀರಿ. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಹೇಳುವುದಕ್ಕಿಂತ ಎಲ್ಲರಿಗೂ ಒಂದೇ ಸಲ ಬರೆಯುವುದು ಒಳ್ಳೆಯದು ಅನಿಸಿತು.

ಐತಿಹ್ಯ ಈ ಊರಿನವರಿಗೆ ಹೊಸದಲ್ಲ. ದೇವಪಾಂಡ್ಯನ ಹಡಗು ಸರಕು ತುಂಬಿಕೊಂಡು ಹೊರಡಲು ಸಿದ್ಧವಾಗಿತ್ತು. ಭೂತಗಳ ಒಡೆಯ ಕುಂಡೋದರ ನರಬಲಿ ಕೇಳಿದ. ದೇವಪಾಂಡ್ಯನ ಹೆಂಡತಿ ಮಗನನ್ನು ಕೊಡಲು ಒಪ್ಪಲಿಲ್ಲ. ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಮುಂದೆ ನಿಲ್ಲಿಸಿದಳು. ಕುಂಡೋದರ ಹುಡುಗನನ್ನು ಉಳಿಸಿ, ಭೂತಾಳ ಪಾಂಡ್ಯನೆಂದು ಹೆಸರಿಟ್ಟು ಪಟ್ಟಕ್ಕೇರಿಸಿದ. ಅಂದಿನಿಂದ ಆಸ್ತಿ ಮಗನಿಗಲ್ಲ, ಅಳಿಯನಿಗೆ, ಅಂದರೆ ಸೋದರಿಯ ಮಗನಿಗೆ, ಅದೇ ಅಳಿಯಕಟ್ಟು. ನಮ್ಮ ಎಷ್ಟೋ ಮನೆಗಳ ಪಾಲುಪಟ್ಟಿ 1949ರ ಅಳಿಯಸಂತಾನ ಕಾಯ್ದೆಯ ನೆರಳಿನಲ್ಲೇ ಆದದ್ದು. ಆದ್ದರಿಂದ ಇದು ಬರೀ ಅಜ್ಜಿಕಥೆ ಅಲ್ಲ ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ.

ಮಕ್ಕಳ ನಾಟಕ ನಡೆಯುವುದು ಇನ್ನೂರು ವರ್ಷ ಮುಂದೆ. ಸಮುದ್ರ ಒಳಗೆ ಬಂದಿದೆ, ಸೀತಾನದಿಯ ದಡ ಸರಿದಿದೆ, ಬಾರಕೂರಿನ ಕೋಟೆಕೇರಿ, ಚೌಳಿಕೇರಿಗಳಿಗೆ ದೋಣಿಯಲ್ಲಿ ಹೋಗಬೇಕು. ಉತ್ಖನನದ ತಂಡವೊಂದಕ್ಕೆ ಮಡಕೆಯ ಚೂರು ಸಿಗುತ್ತದೆ. ಅವರ ಬಳಿ 'ಮಣ್ಣುಗಿವಿ' ಎಂಬ ಯಂತ್ರ ಇದೆ. ಮಡಕೆ ತಿಗರಿಯ ಮೇಲೆ ತಿರುಗುವಾಗ ಕುಂಬಾರನ ಬೆರಳಿನಿಂದ ಮೂಡಿದ ಗೆರೆಗಳಲ್ಲಿ ಉಳಿದಿರುವ ಅಂದಿನ ಸದ್ದನ್ನು ಅದು ಓದಿ ಕೇಳಿಸುತ್ತದೆ. ಹೆಸರಿಟ್ಟವಳು ಎಂಟನೇ ತರಗತಿಯವಳು. ನನಗಂತೂ ಬಹಳ ಹಿಡಿಸಿತು.

ಇದು ಕಲ್ಪನೆ, ಆದರೆ ಆಧಾರವೇ ಇಲ್ಲದ ಕಲ್ಪನೆ ಅಲ್ಲ. 1877ರಲ್ಲಿ ಎಡಿಸನ್ ಮಾಡಿದ ಫೋನೋಗ್ರಾಫಿನಲ್ಲಿ ಇದ್ದದ್ದು ತವರದ ತೆಳು ಹಾಳೆ ಸುತ್ತಿದ ಉರುಳೆ ಮತ್ತು ಒಂದು ಸೂಜಿ, ಅಷ್ಟೆ. ಹಳೆಯ ಪಾತ್ರೆಗಳ ಮೇಲೂ ಹೀಗೆ ಸದ್ದು ಅಚ್ಚಾಗಿರಬಹುದೇ ಎಂದು 1969ರಲ್ಲಿ ರಿಚರ್ಡ್ ವುಡ್‌ಬ್ರಿಜ್ ಎಂಬವರು ಇಂಜಿನಿಯರುಗಳ ಪತ್ರಿಕೆಯೊಂದಕ್ಕೆ ಬರೆದಿದ್ದರು. ಪುರಾತನ ಮಡಕೆಯಿಂದ ಮಾತು ಹೊರಡಿಸಿದವರು ಇದುವರೆಗೆ ಯಾರೂ ಇಲ್ಲ. ವಿಜ್ಞಾನದ ಮೇಷ್ಟ್ರು ಇದನ್ನು ತರಗತಿಯಲ್ಲಿ ಹೇಳಿದ್ದಾರೆ, ನಾಟಕದ ಆರಂಭದಲ್ಲೂ ಹೇಳಿಸುತ್ತೇವೆ.

ಇತಿಹಾಸದ ವಿಷಯದಲ್ಲೂ ಹಾಗೆಯೇ. ಬಾರಕೂರು ತುಳುನಾಡನ್ನು ಆಳಿದ ಆಳುಪರ ರಾಜಧಾನಿಯಾಗಿತ್ತು ಎನ್ನುವುದಕ್ಕೆ ಶಾಸನಗಳಿವೆ. ಮಂಗಳೂರಿನ ಕದ್ರಿಯ ಲೋಕೇಶ್ವರ ವಿಗ್ರಹದ ಪೀಠದಲ್ಲಿ ಆಳುಪ ಕುಂದವರ್ಮನ ಹೆಸರಿದೆ, ಕಾಲ ಕ್ರಿ.ಶ. 968. ಭೂತಾಳ ಪಾಂಡ್ಯನಿಗೆ ಇಂಥ ಗಟ್ಟಿ ಆಧಾರ ಇಲ್ಲ. ಇತಿಹಾಸಕಾರರು ಅದನ್ನು ಐತಿಹ್ಯ ಎಂದೇ ಬೇರೆ ಇಡುತ್ತಾರೆ. ಮಕ್ಕಳ ನೋಟ್‌ಬುಕ್ಕಿನಲ್ಲಿ ಈಗ ಮೂರು ಕಾಲಂ ಇದೆ: ಶಾಸನದಲ್ಲಿ ಇರುವುದು, ಜನ ಹೇಳುವುದು, ನಾವು ಕಟ್ಟಿದ್ದು. ಬಾರಕೂರಿನಲ್ಲಿ 365 ದೇವಸ್ಥಾನಗಳಿದ್ದವು ಎಂಬ ಮಾತು ಯಾವ ಕಾಲಮ್ಮಿಗೆ ಎಂದು ಅರ್ಧ ಪೀರಿಯಡ್ ಜಗಳ ನಡೆಯಿತು.

ಇನ್ನು ಫೋನ್ ಮಾಡಿದವರ ಮುಖ್ಯ ಆಕ್ಷೇಪ. ಮೊದಲ ಬರಹದಲ್ಲಿ ಕುಂಡೋದರ ಬೇರೆ ಗ್ರಹದಿಂದ ಬಂದವನಾಗಿದ್ದ, ಆಯಸ್ಕಾಂತದಿಂದ ಹಡಗು ಹಿಡಿದಿಟ್ಟಿದ್ದ. ನಂಬುವ ದೈವವನ್ನು ಹೀಗೆ ಮಾಡಬಹುದೇ ಎಂದು ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಅದನ್ನು ಮಕ್ಕಳ ಮುಂದೆಯೇ ಇಟ್ಟೆ. ನಾನು ತೀರ್ಪು ಕೊಡುವ ಮೊದಲೇ ಒಂಬತ್ತನೆಯ ಹುಡುಗನೊಬ್ಬ, "ನಮ್ಮ ಮನೆಯಲ್ಲಿ ಕೋಲ ಆಗ್ತದೆ ಮೇಡಂ, ಅಜ್ಜ ಕೇಳಿದ್ರೆ ನಾನು ಏನು ಹೇಳೂದು?" ಎಂದ. ಆ ಪುಟ ಅಲ್ಲಿಗೇ ಹೋಯಿತು. ನಾಟಕದಲ್ಲಿ ಕುಂಡೋದರನಿಗೆ ದನಿ ಇಲ್ಲ. ದೈವದ ನುಡಿಯನ್ನು ಯಾರೂ ಅನುಕರಿಸುವುದಿಲ್ಲ, ದೈವದ ಕಥೆಯ ತುಳು ಹಾಡಾದ ಪಾಡ್ದನ ಹಾಡುವುದಿಲ್ಲ, ದೈವದ ಆರಾಧನೆಯಾದ ಕೋಲದಲ್ಲಿ ಮಾಡಿದ ರೆಕಾರ್ಡಿಂಗ್ ಯಾವುದನ್ನೂ ಬಳಸುವುದಿಲ್ಲ. ಐತಿಹ್ಯವನ್ನು ಪೂರ್ತಿ ಕೈಬಿಡಿ ಎಂದ ಒಬ್ಬಿಬ್ಬರಿಗೆ ಮಾತ್ರ ನಾನು ಒಪ್ಪಲಾರೆ. ಊರಿನ ಕಥೆಯನ್ನು ಊರಿನ ಮಕ್ಕಳು ಮುಟ್ಟಬಾರದು ಎಂದರೆ ಅದನ್ನು ಮತ್ತೆ ಯಾರು ಹೇಳಬೇಕು?

ದೈವದ ಪಾತ್ರ ಹೋದ ಮೇಲೆ ಕಥೆ ಬಡವಾಗಲಿಲ್ಲ. "ಮಗನನ್ನು ಕೊಡುವುದಿಲ್ಲ ಅಂತ ಹೇಳಿದ್ದು ತಪ್ಪಾ ಮೇಡಂ?" ಎಂದು ಹುಡುಗಿಯೊಬ್ಬಳು ಕೇಳಿದಳು. ಐತಿಹ್ಯದಲ್ಲಿ ಆ ತಾಯಿ ಒಂದೇ ಮಾತಿನಲ್ಲಿ ಮುಗಿದುಹೋಗುತ್ತಾಳೆ. ಈಗ ಮಡಕೆಯ ಚೂರಿನಿಂದ ಕೇಳಿಬರುವುದು ಅವಳ ದನಿ. ಸಂಭಾಷಣೆಯನ್ನು ಆ ಹುಡುಗಿಯೇ ಬರೆದಿದ್ದಾಳೆ. ಓದಿ ತಿದ್ದಲು ಕುಳಿತ ಕನ್ನಡ ಟೀಚರ್ ಎರಡು ಅಲ್ಪವಿರಾಮ ಹಾಕಿ ಹಿಂದೆ ಕೊಟ್ಟರು.

ಸದ್ದುಗಳನ್ನು ಮಕ್ಕಳು ಮನೆಯಲ್ಲೇ ಹುಡುಕುತ್ತಿದ್ದಾರೆ, ದಯವಿಟ್ಟು ಗದರಬೇಡಿ. ಗೆರಸೆಯಲ್ಲಿ ಕುಚ್ಚಲಕ್ಕಿ ಹಾಕಿ ನಿಧಾನ ಓಲಾಡಿಸಿದರೆ ಸಮುದ್ರದ ತೆರೆಯ ಸದ್ದು. ಬೆಳ್ತಿಗೆ ಅಕ್ಕಿ ಹಾಕಿದರೆ ಸದ್ದು ತೆಳುವಾಗುತ್ತದೆ ಎಂದು ಕಂಡುಹಿಡಿದಿದ್ದಾರೆ. ಬಾವಿಯ ರಾಟೆಗೆ ಒದ್ದೆ ಹಗ್ಗ ಹಾಕಿ ಎಳೆದರೆ, ಕದಲದೆ ನಿಂತ ಹಡಗಿನ ನರಳಾಟ. ಇದಕ್ಕೆ ದೊಡ್ಡವರು ಯಾರಾದರೂ ಬಾವಿಕಟ್ಟೆಯ ಪಕ್ಕದಲ್ಲೇ ನಿಂತಿರಬೇಕು.

ಬರುವ ಶನಿವಾರ ಮಕ್ಕಳನ್ನು ಬಾರಕೂರಿಗೆ ಕರೆದುಕೊಂಡು ಹೋಗುತ್ತೇವೆ. ಕತ್ತಲೆ ಬಸದಿಯ ಒಳಗೆ ಮಾತಾಡಿದರೆ ಹೇಗೆ ಕೇಳುತ್ತದೆ, ನದಿಯ ಬದಿಯ ಗಾಳಿ ಹೇಗೆ, ಇಷ್ಟನ್ನು ರೆಕಾರ್ಡ್ ಮಾಡುವುದು ಕೆಲಸ. ಒಂದು ವಿಷಯ ಮನೆಯಲ್ಲೂ ಗಟ್ಟಿಯಾಗಿ ಹೇಳಿ: ಅಲ್ಲಿಂದ ಹಂಚಿನ ತುಂಡನ್ನೂ ಎತ್ತಿ ತರಬಾರದು. ಚೂರು ಯಾವ ಪದರದಲ್ಲಿ, ಯಾವುದರ ಪಕ್ಕ ಬಿದ್ದಿತ್ತು ಎನ್ನುವುದರಿಂದಲೇ ಅದರ ಕಾಲ ಗೊತ್ತಾಗುವುದು. ಜೇಬಿಗೆ ಹಾಕಿದ ಕೂಡಲೇ ಅದು ಬರೀ ಮಣ್ಣು. ನಿಧಿಯ ಆಸೆಗೆ ಹಳೆಯ ಗುಡಿಗಳ ನೆಲ ಅಗೆಯುವವರ ಸುದ್ದಿಯನ್ನು ನಾವೆಲ್ಲ ಓದುತ್ತಲೇ ಇರುತ್ತೇವೆ. ನೆಲದಲ್ಲಿ ಹುದುಗಿದ್ದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂದು 1878ರ ನಿಧಿ ಕಾಯ್ದೆಯಲ್ಲಿ ಬರೆದಿದ್ದರು. ಆ ಹತ್ತು ರೂಪಾಯಿ ಕೇಳಿ ಮಕ್ಕಳು ತುಂಬ ಹೊತ್ತು ನಕ್ಕರು.

ಒಪ್ಪಿಗೆ ಪತ್ರವನ್ನು ಗುರುವಾರದೊಳಗೆ ಸಹಿ ಹಾಕಿ ಕಳುಹಿಸಿ. ಬುತ್ತಿ, ನೀರು, ಟೊಪ್ಪಿ ಸಾಕು. ಮೊಬೈಲ್ ಬೇಡ, ರೆಕಾರ್ಡರ್ ಶಾಲೆಯದ್ದೇ ಇದೆ. ಮನೆಯಲ್ಲಿ ಹಿರಿಯರು ಈ ಕಥೆಯನ್ನು ಬೇರೆ ರೀತಿಯಲ್ಲಿ ಹೇಳುವುದಿದ್ದರೆ, ತುಳುವಿನಲ್ಲಾದರೂ ಕುಂದಾಪುರ ಕನ್ನಡದಲ್ಲಾದರೂ ಸರಿ, ಮಕ್ಕಳಿಗೆ ಹೇಳಿಸಿ. ನೋಟ್‌ಬುಕ್ಕಿನ ಎರಡನೇ ಕಾಲಮ್ಮಿನಲ್ಲಿ ಇನ್ನೂ ಜಾಗ ಇದೆ. ಬಸ್ಸು ಬೆಳಿಗ್ಗೆ ಎಂಟೂವರೆಗೆ ಶಾಲೆಯ ಗೇಟಿನಿಂದ ಹೊರಡುತ್ತದೆ.

ಇತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ
ಉಡುಪಿ