ಕಲ್ಲೇನ್ ನಗಂಗಿಲ್ಲ

ಮಾನ್ಯ ಸಂಪಾದಕರೇ,

ಸಿಂಧನೂರು ಹತ್ತಿರದ ಕ್ಯಾಂಪಿನವರು, ಅಂದರೆ ಆಂಧ್ರದಿಂದ ಬಂದು ನೆಲೆಸಿದವರ ಊರಿನವರು ನಾವು. ಮನೆಮಾತು ತೆಲುಗು. ಎಂಟನೇ ತರಗತಿಯ ಮಗಳು ಕನ್ನಡ ಪಿರಿಯಡ್‌ನಲ್ಲಿ ಬಾಯೇ ಬಿಡುತ್ತಿರಲಿಲ್ಲ. ತೆಲುಗಿನ ರೂಢಿಯಲ್ಲಿ ‘ಅಕ್ಕ ಬಂತು’ ಅಂದರೆ ಸಾಕು, ಎಲ್ಲರೂ ನಗುತ್ತಿದ್ದರು.

ಕನ್ನಡ ಮಾಸ್ತರು ಮಕ್ಕಳನ್ನು ಮಸ್ಕಿಗೆ ಕರೆದೊಯ್ದರು. 1915ರಲ್ಲಿ ಪತ್ತೆಯಾದ ಅಶೋಕನ ಶಾಸನದ ಮುಂದೆ ಇವಳನ್ನೇ ನಿಲ್ಲಿಸಿ, ‘ನೀನ ಹೇಳವಾ, ತಪ್ಪಾದ್ರ ಆಗ್ಲಿ, ಕಲ್ಲೇನ್ ನಗಂಗಿಲ್ಲ’ ಎಂದರಂತೆ. ಬೇರೆ ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಎಂಬ ಬಿರುದಿನ ರಾಜ ಅಶೋಕನೇ ಎಂದು ಆ ಬಂಡೆಯಿಂದ ಖಚಿತವಾದ ಕಥೆಯನ್ನು ಐದು ನಿಮಿಷ ಹೇಳಿದಳು. ನಡುವೆ ಯಾರೂ ತಿದ್ದಲಿಲ್ಲ. ಈಗ ಮನೆಯಲ್ಲಿ ನನ್ನ ಕನ್ನಡವನ್ನೇ ತಿದ್ದುತ್ತಾಳೆ!

ಆದರೆ ಈ ಮಾಸ್ತರು ಶಾಲೆಯಲ್ಲಿ ಸಿಗುವುದೇ ಕಡಿಮೆ. ಸರ್ವೆ, ಚುನಾವಣೆ ಅಂತ ಓಡಾಟವೇ ಜಾಸ್ತಿ. ಪಾಠದ ದಿನಗಳಲ್ಲಾದರೂ ಅವರನ್ನು ತರಗತಿಯಲ್ಲೇ ಬಿಡಿ.

– ಒಬ್ಬ ತಂದೆ, ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ