ಕಂಪೈಲರ್ ಬಾಯಿ ಕಟ್ಟಿದರೆ ದೋಷ ಹೋಗದು

ಮಾನ್ಯ ಸಂಪಾದಕರೇ,

ಕಾಫಿ ತೋಟಕ್ಕೊಂದು ಮಳೆಮಾಪಕ ಮಾಡುವುದು ಕೊಡಗಿನ ಎಂಜಿನಿಯರಿಂಗ್, ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಸಹಜವಾಗಿ ಹೊಳೆಯುವ ಪ್ರಾಜೆಕ್ಟ್. ಪುಟ್ಟ ಬಕೆಟ್ ಒಮ್ಮೆ ಮಗುಚಿದರೆ 0.2 ಮಿ.ಮೀ., 127 ಸಲ ಮಗುಚಿದರೆ ತೋಟದವರ ಲೆಕ್ಕದ ಒಂದು ಇಂಚು. ಎಡವುವುದು ಇಲ್ಲಲ್ಲ, ಅದನ್ನು ನಡೆಸುವ ಸಿ ಭಾಷೆಯ ಕೋಡಿನಲ್ಲಿ.

ಸೆನ್ಸರ್ ಓದುವ ಫಂಕ್ಷನ್ ಕೊಟ್ಟ ಸ್ಟೇಟಸ್ಸನ್ನು (ಓದು ಯಶಸ್ವಿಯೋ ವಿಫಲವೋ ಎಂಬ ಸೂಚನೆ) ವೇರಿಯಬಲ್ ಘೋಷಿಸುವಾಗಲೇ ಅದಕ್ಕೆ ಹಾಕಿ ಆಮೇಲೆ ಅದರತ್ತ ತಿರುಗಿಯೂ ನೋಡದಿದ್ದರೆ, ಡಬ್ಲ್ಯು-ಆಲ್ (ಸಾಮಾನ್ಯ ಎಚ್ಚರಿಕೆಗಳನ್ನು ಕೇಳುವ ಆಯ್ಕೆ) ಕೊಟ್ಟಾಗ ಜಿಸಿಸಿ ಕಂಪೈಲರ್ ‘ಅನ್‌ಯೂಸ್ಡ್ ವೇರಿಯಬಲ್’, ಅಂದರೆ ಬಳಸದ ವೇರಿಯಬಲ್, ಎನ್ನುತ್ತದೆ. ಲ್ಯಾಬಿನಲ್ಲಿ ಒಂದೂ ವಾರ್ನಿಂಗ್ ಇರಬಾರದೆಂಬ ಕಟ್ಟಪ್ಪಣೆ ಇದ್ದರೆ ಸುಲಭದ ದಾರಿ, ‘ಅನ್‌ಯೂಸ್ಡ್’ ಆಟ್ರಿಬ್ಯೂಟ್ ಅಂಟಿಸುವುದು, ಅಂದರೆ ಆ ಎಚ್ಚರಿಕೆ ಬೇಡವೆಂದು ಕಂಪೈಲರ್‌ಗೆ ಹೇಳುವ ಚೀಟಿ. ವಾರ್ನಿಂಗ್ ಹೋಯಿತು, ಸ್ಟೇಟಸ್ ನೋಡುವ ‘ಇಫ್’ ಮಾತ್ರ ಬರಲೇ ಇಲ್ಲ. ರೀಡ್ ವಿಫಲವಾದ ದಿನ ಎಣಿಕೆ ಆರಂಭದ ಸೊನ್ನೆಯಲ್ಲೇ ಉಳಿಯುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದಿದ್ದರೂ ಪರದೆಯ ಮೇಲೆ ಸೊನ್ನೆ. ಅದನ್ನು ನಂಬಿದವರು ಸ್ಪ್ರಿಂಕ್ಲರ್‌ಗೆ ಡೀಸೆಲ್ ಸುಡಬೇಕು.

ಇನ್ನೊಂದು ತಪ್ಪು ಇದರ ತದ್ವಿರುದ್ಧ. ಮುಂದೆ ಅದೇ ವೇರಿಯಬಲ್ ಬಳಕೆಗೆ ಬಂದರೂ ಹಳೆಯ ಚೀಟಿ ಹಾಗೇ ಇರುತ್ತದೆ. ಜಿಸಿಸಿ ತುಟಿ ಬಿಚ್ಚದು, ಏಕೆಂದರೆ ಅದರ ಪಾಲಿಗೆ ಆ ಪದದ ಅರ್ಥ ‘ಬಳಸದೆಯೂ ಇರಬಹುದು’ ಎಂದಷ್ಟೇ. ಹೆಸರೇ ದಾರಿ ತಪ್ಪಿಸುವಂಥದ್ದು. ಇನ್ನೊಂದು ಕಂಪೈಲರ್ ಕ್ಲಾಂಗ್‌ನಲ್ಲಿ ‘ಯೂಸ್ಡ್-ಬಟ್-ಮಾರ್ಕ್ಡ್-ಅನ್‌ಯೂಸ್ಡ್’ ಎಂಬ ಎಚ್ಚರಿಕೆಯಿದೆ. ಡಬ್ಲ್ಯು-ಆಲ್, ಡಬ್ಲ್ಯು-ಎಕ್ಸ್‌ಟ್ರಾ ಎರಡರಲ್ಲೂ ಅದು ಸೇರಿಲ್ಲ, ಪ್ರತ್ಯೇಕವಾಗಿ ಕೇಳಬೇಕು. ಸಿ ಭಾಷೆಯ ಹೊಸ ಮಾನಕ ಸಿ23ರ ‘ಮೇಬಿ-ಅನ್‌ಯೂಸ್ಡ್’ (ಬಳಸದೆಯೂ ಇರಬಹುದು) ಬರೆದಿದ್ದರೆ ಆ ಎಚ್ಚರಿಕೆಯೂ ಬಾರದು. ಲಿನಕ್ಸ್ ಕರ್ನಲ್‌ನಲ್ಲಿ ‘ಮೇಬಿ’, ‘ಆಲ್ವೇಸ್’ ಎಂದು ಎರಡು ‘ಅನ್‌ಯೂಸ್ಡ್’ ಮ್ಯಾಕ್ರೊಗಳಿವೆ (ಕೋಡಿನ ಅಡ್ಡಹೆಸರುಗಳು), ಬಿಡಿಸಿದರೆ ಎರಡೂ ಒಂದೇ ಆಟ್ರಿಬ್ಯೂಟ್! ವ್ಯತ್ಯಾಸ ಓದುವ ಮನುಷ್ಯರಿಗೆ ಮಾತ್ರ.

ಚೀಟಿ ನ್ಯಾಯವಾಗಿ ಸಲ್ಲುವ ಜಾಗಗಳೂ ಉಂಟು. ಅಸರ್ಟ್ ಎಂಬ ತಪಾಸಣೆಯ ಒಳಗಷ್ಟೇ ಬರುವ ವೇರಿಯಬಲ್, ಆ ತಪಾಸಣೆಯನ್ನೇ ತೆಗೆದುಹಾಕುವ ಎನ್‌ಡೀಬಗ್ ಹಾಕಿದ (ರಿಲೀಸ್) ಬಿಲ್ಡ್‌ನಲ್ಲಿ ಅನಾಥವಾಗುತ್ತದೆ. ಅಲ್ಲಿ ‘ಮೇಬಿ-ಅನ್‌ಯೂಸ್ಡ್’ ಸರಿ. ಕಾಲ್‌ಬ್ಯಾಕ್‌ಗೆ (ಬೇರೆ ಕೋಡ್ ಕರೆಯುವ ನಮ್ಮ ಫಂಕ್ಷನ್) ಬಂದು ಬೇಡವಾದ ಪ್ಯಾರಾಮೀಟರ್‌ಗೆ ವಾಯ್ಡ್ ಕ್ಯಾಸ್ಟ್, ಅಂದರೆ ಬೇಕೆಂದೇ ಬಿಟ್ಟಿದ್ದೇನೆಂಬ ಗುರುತು, ಸಾಕು. ಸಿ23ರಲ್ಲಿ ಪ್ಯಾರಾಮೀಟರ್‌ನ ಹೆಸರನ್ನೇ ಬಿಡಬಹುದು.

ಆದ್ದರಿಂದ ಲ್ಯಾಬ್ ಪರೀಕ್ಷಕರಲ್ಲಿ ಒಂದು ಕೋರಿಕೆ: ವಾರ್ನಿಂಗ್ ಎಷ್ಟು ಎಂದು ಎಣಿಸಿ ಅಂಕ ಹಾಕಬೇಡಿ. ಕೋಡಿನಲ್ಲಿ ‘ಅನ್‌ಯೂಸ್ಡ್’ ಪದ ಹುಡುಕಿ, ಒಂದೊಂದನ್ನೂ ತೆಗೆಸಿ ಮತ್ತೆ ಕಂಪೈಲ್ ಮಾಡಿಸಿ. ಎಚ್ಚರಿಕೆ ಬಾರದಿದ್ದರೆ, ರಿಲೀಸ್ ಬಿಲ್ಡ್‌ನಲ್ಲೂ ಬಾರದಿದ್ದರೆ, ಆ ಚೀಟಿ ಅಲ್ಲಿ ಬೇಡ. ಬಂದರೆ ಕಾರಣ ಕೇಳಿ.

– ಎಂಬೆಡೆಡ್ ಸಿ ಬೋಧಕ, ಕುಶಾಲನಗರ